ಮಾಡಗ್ಯಾಳದ ಟಗರು: ವಲ್ಲಿಯ ಕೆಳಗಿನ ದರ, ಬಾಯಿಮಾತಿನ ವಂಶ

ಗಡಿಯಾಚೆಯ ಕನ್ನಡದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಶಾಲೆ, ಶಾಸನ, ಹಾಡು, ಭಜನೆ ಇಷ್ಟರಲ್ಲೇ ಸುತ್ತುತ್ತೇವೆ. ನಾನು ಟಗರಿನ ಬಗ್ಗೆ ಮಾತಾಡ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ಟಗರಿನ ಬಾಜಾರದಲ್ಲಿ ಏನು ಕೆಲಸ ಅಂತ ನನ್ನ ಮಾರ್ಗದರ್ಶಕರೇ ಮೊದಲು ನಕ್ಕರು. ಆದರೆ ಒಂದು ಟಗರಿನ ಬೆಲೆ ಹತ್ತು ಸಾವಿರವೋ ಎರಡು ಲಕ್ಷವೋ ಅನ್ನೋದನ್ನು ನಮ್ಮ ಕಡೆ ತೀರ್ಮಾನ ಮಾಡೋದು ತಕ್ಕಡಿಯಲ್ಲ, ಮಾತು. ಆ ಮಾತು ಹೇಗೆ ಕೆಲಸ ಮಾಡ್ತದೆ, ಎಲ್ಲಿ ಕೈಕೊಡ್ತದೆ ಅನ್ನೋದು ನನ್ನ ವಿಷಯ.

ನಾನು ಜತ್ ತಾಲೂಕಿನ ಪೂರ್ವಭಾಗದವನು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಊರಿನ ಪೂರ್ವಕ್ಕೆ ಹೊರಟರೆ ವಿಜಯಪುರ ಜಿಲ್ಲೆ ಸಿಗ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬಾಜಾರದಲ್ಲಿ ಎರಡೂ. ಜತ್ ಅಂದ ಕೂಡಲೇ ಬೆಂಗಳೂರಿನವರಿಗೆ ನೀರಿನ ಜಗಳ, ಗಡಿ ಜಗಳ ನೆನಪಾಗ್ತದೆ. ಕುರಿ ಸಾಕುವವರಿಗೆ ಮಾತ್ರ ಮಾಡಗ್ಯಾಳ ನೆನಪಾಗ್ತದೆ. ಜತ್ ತಾಲೂಕಿನ ಆ ಊರಿನ ಹೆಸರೇ ಕುರಿಗೂ ಬಂದಿದೆ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಉದ್ದನೆಯ ಕತ್ತು, ಜೋತುಬಿದ್ದ ಕಿವಿ, ಎತ್ತರದ ಕಾಲು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಿಣಿಮೂಗು. ಹಣೆಯಿಂದ ತುಟಿಯವರೆಗೆ ಬಿಲ್ಲಿನ ಹಾಗೆ ಬಾಗಿದ ಮೂಗು. ಇದು ದಖನಿ ಕುರಿಯದೇ ಒಂದು ಬಗೆ ಅನ್ನುವವರಿದ್ದಾರೆ, ಬೇರೆ ತಳಿಯೇ ಅನ್ನುವವರೂ ಇದ್ದಾರೆ. ಬಾಜಾರಕ್ಕೆ ಆ ಚರ್ಚೆ ಬೇಕಾಗಿಲ್ಲ. ಬಾಜಾರ ಮೂಗು ನೋಡ್ತದೆ.

ಮೊದಲು ಟಗರು ಯಾಕೆ ಇಷ್ಟು ದುಬಾರಿ ಅನ್ನೋದನ್ನ ಹೇಳಿಬಿಡ್ತೇನೆ. ಒಂದು ಹೆಣ್ಣು ಕುರಿ ಐದು ತಿಂಗಳು ಗಬ್ಬ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕ್ತದೆ. ಒಂದು ಟಗರು ಒಂದು ಹಂಗಾಮಿನಲ್ಲಿ ಇಪ್ಪತ್ತೈದು, ಮೂವತ್ತು ಕುರಿಗಳಿಗೆ ಸಾಕಾಗ್ತದೆ. ಅಂದರೆ ಮುಂದಿನ ವರ್ಷದ ಹಿಂಡಿನಲ್ಲಿ ಪ್ರತಿ ಮರಿಯ ಅರ್ಧ ರಕ್ತ ಆ ಒಂದೇ ಪ್ರಾಣಿಯದು. ನಮ್ಮ ಸೋದರಮಾವ ಹೇಳೋದು: "ತಪ್ಪು ಕುರಿ ತಂದ್ರ ಒಂದು ಮರಿ ಕೆಡತೈತಿ, ತಪ್ಪು ಟಗರು ತಂದ್ರ ಹಿಂಡ ಕೆಡತೈತಿ." ಬಕ್ರೀದ್ ಸಮಯಕ್ಕೆ ಮಾಂಸದ ಲೆಕ್ಕದಲ್ಲಿ ಏರುವ ದರ ಬೇರೆ, ಅದು ಹಬ್ಬ ಮುಗಿದ ಮರುದಿನ ಇಳಿಯುತ್ತದೆ. ತಳಿಗೆ ಬಿಡುವ ಟಗರಿನ ದರ ಬೇರೆ. ಈ ಎರಡನೆಯದಕ್ಕೆ ಕೊಳ್ಳುವವ ಕೊಡೋದು ಇನ್ನೂ ಹುಟ್ಟದ ಮರಿಗಳ ಹಣ.

ಈಗ ವ್ಯಾಪಾರ. ನಾವು ಪುಸ್ತಕದಲ್ಲಿ ಹರಾಜು ಅಂತ ಬರೆಯುತ್ತೇವೆ. ಅರಬಿಯಿಂದ ಬಂದ ಮಾತು. ನಮ್ಮ ಕಡೆ ಲಿಲಾವ. ಅದು ಪೋರ್ಚುಗೀಸರ 'ಲೈಲಾಂವ್' ಮರಾಠಿಯ ದಾರಿಯಲ್ಲಿ ನಮಗೆ ಬಂದದ್ದು. ಕಾಸರಗೋಡಿನ ಗೆಳೆಯರು ಏಲಂ ಅಂತಾರಲ್ಲ, ಅದೂ ಅದೇ ಪದ, ಬೇರೆ ಬಂದರಿನಲ್ಲಿ ಇಳಿದದ್ದು. ಆದರೆ ತಮಾಷೆ ಏನಂದ್ರೆ, ಲಿಲಾವ ಅನ್ನೋ ಪದ ನಮ್ಮಲ್ಲಿದ್ದರೂ ಟಗರು ಮಾರುವಾಗ ಲಿಲಾವ ಆಗೋದು ಅಪರೂಪ. ಗುಡಿಗೆ ಬಿಟ್ಟ ಟಗರು, ಕಾಯಿ, ಸೀರೆ ಇಂಥವಕ್ಕೆ ಎಲ್ಲರೆದುರು ಕೂಗಿ ಸವಾಲು ಮಾಡ್ತಾರೆ. ಸಂತೆಯಲ್ಲಿ ತಳಿ ಟಗರಿನ ದರ ಆಗೋದು ವಲ್ಲಿಯ ಕೆಳಗೆ.

ನಾನು ಕಂಡದ್ದು ಹೀಗಿದೆ. ಕೊಳ್ಳುವವ ಮೊದಲು ಟಗರಿನ ತುಟಿ ಸರಿಸಿ ಹಲ್ಲು ನೋಡ್ತಾನೆ. ಹಾಲಹಲ್ಲೋ, ಎರಡು ಹಲ್ಲು ಹಚ್ಚಿದೆಯೋ, ನಾಲ್ಕೋ, ಬಾಯಿಗೂಡಿದೆಯೋ. ಎರಡು ಹಲ್ಲು ಅಂದರೆ ವರ್ಷ, ಒಂದೂವರೆ ವರ್ಷ. ಬಾಯಿಗೂಡಿದ್ದರೆ ಮೂರೂವರೆ, ನಾಲ್ಕು. ಆಮೇಲೆ ಬೆನ್ನಿನ ಮೇಲೆ ಅಂಗೈ ಒತ್ತಿ ಮಾಂಸ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ, ಬೀಜ ಎರಡೂ ಒಂದೇ ಸಮ ಇದೆಯಾ ಅಂತ ಮುಟ್ಟಿ ನೋಡ್ತಾನೆ. ಕೊನೆಗೆ ದೂರ ನಿಂತು ಪಕ್ಕದಿಂದ ಮೂಗು. ಅಷ್ಟರಲ್ಲಿ ದಲ್ಲಾಳಿ ಬಂದಿರ್ತಾನೆ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹಾಸಿ, ಒಳಗೆ ಬೆರಳು ಹಿಡಿಯುತ್ತಾನೆ. "ಹಜಾರದಾಗ" ಅಂತ ಬಾಯಿಬಿಟ್ಟು ಹೇಳಿದರೆ ಹಿಡಿದ ಒಂದೊಂದು ಬೆರಳು ಒಂದೊಂದು ಸಾವಿರ. ಐದು ಬೆರಳು ಕೂಡಿಸಿ ಹಿಡಿದರೆ ಐದು. ಬಾಯಿ ಒಂದು ಹೇಳ್ತಿರ್ತದೆ, ಬೆರಳು ಇನ್ನೊಂದು. "ಆಗೂದಿಲ್ಲ ಕಾಕಾ, ನಿಮ್ಮ ಟಗರ ನೀವ ಹೊಡಕೊಂಡ ಹೋಗ್ರಿ" ಅಂತ ಜೋರಾಗಿ ಹೇಳುತ್ತಲೇ ಒಳಗೆ ಒಂದು ಬೆರಳು ಹೆಚ್ಚು ಹಿಡಿದಿರ್ತಾನೆ. ಸುತ್ತ ನಿಂತವರಿಗೆ ನಾಟಕ ಕಾಣ್ತದೆ, ದರ ಕಾಣೋದಿಲ್ಲ. ಕೊಟ್ಟವನಿಗೆ, ಕೊಂಡವನಿಗೆ, ದಲ್ಲಾಳಿಗೆ ಮೂವರಿಗೇ ಗೊತ್ತು.

ಒಪ್ಪಿಗೆಯಾದರೆ ಸಂಚಕಾರ. ಇಲ್ಲೊಂದು ಸಣ್ಣ ಅಡ್ಡಮಾತು. ಸಂಚಕಾರ ಅಂದರೆ ಮೂಲದಲ್ಲಿ ವ್ಯಾಪಾರ ಗಟ್ಟಿ ಮಾಡಲು ಕೊಡುವ ಮುಂಗಡ. ಸಂಸ್ಕೃತದ ಸತ್ಯಂಕಾರದಿಂದ ಬಂದದ್ದು, ಕೊಟ್ಟ ಮಾತನ್ನು ಸತ್ಯ ಮಾಡುವ ಹಣ. ಇವತ್ತಿನ ಪತ್ರಿಕೆ ಕನ್ನಡದಲ್ಲಿ "ಜೀವಕ್ಕೆ ಸಂಚಕಾರ" ಅಂದರೆ ಅಪಾಯ. ಮುಂಗಡ ಕೊಟ್ಟ ಮೇಲೆ ಬಿಡಿಸಿಕೊಳ್ಳಲಾಗದ ಸ್ಥಿತಿಯೇ ಅಪಾಯವಾಗಿ ತಿರುಗಿರಬೇಕು ಅಂತ ನನ್ನ ಊಹೆ. ನಮ್ಮ ಮನೆಯಲ್ಲಿ ಎರಡೂ ಅರ್ಥ ಒಂದೇ ಟಗರಿನಿಂದ ಕಲಿತೆವು.

2021ರ ಮಳೆಗಾಲಕ್ಕೆ ಮುಂಚೆ ಮಾವ ಒಂದು ಎರಡು ಹಲ್ಲಿನ ಟಗರು ತಂದರು. ಒಂದು ಲಕ್ಷ ಅರವತ್ತು ಸಾವಿರ. ಮೂವತ್ತೆರಡು ಕುರಿಗಳ ಹಿಂಡಿಗೆ. ಅರ್ಧ ಹಣ ಅತ್ತೆಯ ಬಂಗಾರದ ಮೇಲಿನ ಸಾಲ. ಯಾಕೆ ಅಷ್ಟು ಕೊಟ್ಟರು ಅನ್ನೋದಕ್ಕೆ ಹಿಂದಿನ ಡಿಸೆಂಬರ್‌ಗೆ ಹೋಗಬೇಕು. 2020ರ ಕೊನೆಗೆ ಎಲ್ಲ ಪತ್ರಿಕೆಗಳಲ್ಲೂ ಒಂದು ಸುದ್ದಿ ಬಂತು. ಆಟಪಾಡಿ ತಾಲೂಕಿನ 'ಸರ್ಜಾ' ಹೆಸರಿನ ಮಾಡಗ್ಯಾಳ ಟಗರಿಗೆ ಜತ್ತಿನ ಜಾತ್ರೆಯಲ್ಲಿ ಒಬ್ಬರು 70 ಲಕ್ಷ ರೂಪಾಯಿಗೆ ಕೇಳಿದರು, ಮಾಲೀಕರು ಕೊಡಲಿಲ್ಲ, ಒಂದೂವರೆ ಕೋಟಿ ಹೇಳಿದರು. ನಾವು ಓದುವ ವಿದ್ಯಾರ್ಥಿಗಳು, ವಾಕ್ಯವನ್ನು ನಿಧಾನ ಓದಬೇಕು. 70 ಲಕ್ಷಕ್ಕೆ *ಕೇಳಿದರು*. ಟಗರು ಕೈಬದಲಾಗಲಿಲ್ಲ. ಅದು ಮಾರಾಟದ ದರವಲ್ಲ, ಮಾರದೇ ಇದ್ದುದರ ದರ. ಆದರೆ ಸುದ್ದಿ ಊರಿಂದೂರಿಗೆ ಹೋಗುವಾಗ "ಎಪ್ಪತ್ತು ಲಕ್ಷದ ಟಗರು" ಅಂತಲೇ ಹೋಯಿತು. ಮಾಲೀಕರು ತಪ್ಪು ಹೇಳಿದರು ಅಂತ ನಾನು ಹೇಳ್ತಿಲ್ಲ. ಮನೆಯ ಲಕ್ಷ್ಮಿಯಂಥ ಟಗರನ್ನು ಮಾರದಿರುವುದು ಅವರ ಇಷ್ಟ, ಮತ್ತು ಮಾರದ ಟಗರಿನ ಮರಿಗಳಿಗೆ ಬೆಲೆ ಬರುವುದು ಸಹಜ. ನಾನು ಹೇಳೋದು ನಂತರದ್ದು. ಮರುವರ್ಷದಿಂದ ಬಾಜಾರದಲ್ಲಿ ಪ್ರತಿ ಮೂರನೇ ಟಗರೂ ಯಾವುದೋ ಹೆಸರಾದ ಟಗರಿನ ಮಗ ಅಥವಾ ಮೊಮ್ಮಗ. ಮಾವ ತಂದದ್ದೂ ಮೊಮ್ಮಗನೇ. ಮಾರಿದವರು ಹಾಗೆ ಹೇಳಿದರು.

ಆ ಟಗರು ನೋಡೋಕೆ ಬಹಳ ಚೆಂದ. ಹಾಲು, ಜೋಳ, ಕಡಲೆ ತಿಂದು ಬೆಳೆದ ಮೈ. ಅದೇ ತೊಂದರೆ ಆಯ್ತು. ನಮ್ಮ ಹಿಂಡು ದಿನಾ ಮೈಲಿಗಟ್ಟಲೆ ನಡೆಯುವ ಹಿಂಡು. ಟಗರು ಎರಡನೇ ದಿನವೇ ನೆರಳು ಹುಡುಕಿ ಮಲಗಿತು. ಕುರಿಗಳ ಹಿಂದೆ ಹೋಗಲಿಲ್ಲ, ಹೋದರೂ ಗಬ್ಬ ನಿಲ್ಲಲಿಲ್ಲ. ಇದು ಗೊತ್ತಾಗಲು ಐದು ತಿಂಗಳು ಬೇಕು ನೋಡಿ. ಮೂವತ್ತೆರಡರಲ್ಲಿ ಮರಿ ಹಾಕಿದ್ದು ಒಂಬತ್ತು. ಆ ಒಂಬತ್ತರಲ್ಲಿ ಗಿಣಿಮೂಗು ಎರಡಕ್ಕೆ. ಮಾವ ಮಾರಿದವರ ಮನೆಗೆ ಹೋದಾಗ ಅವರು ಸಿಟ್ಟಾಗಲಿಲ್ಲ, ಚಹಾ ಕೊಟ್ಟು, "ನಮ್ಮ ಕಡೆ ಇದ್ದಾಗ ಚಲೋ ಇತ್ತರಿ ಮಾಮಾ" ಅಂದರು. ಅಷ್ಟೇ. ಕೈಯಲ್ಲಿದ್ದ ಪಾವತಿಯಲ್ಲಿ ಮರಾಠಿಯಲ್ಲಿ ಬರೆದದ್ದು 'ಟಗರು, ನಗ ಒಂದು' ಅನ್ನುವಷ್ಟು. ಮೊಮ್ಮಗ ಅನ್ನೋ ಮಾತು ಕನ್ನಡದಲ್ಲಿ ಆಡಿದ್ದು, ಗಾಳಿಯಲ್ಲಿ ಹೋಯಿತು. ದವಾಖಾನೆಯ ಡಾಕ್ಟರು, "ಕೊಳ್ಳೋದಕ್ಕೆ ಮುಂಚೆ ವೀರ್ಯ ಪರೀಕ್ಷೆ ಮಾಡಿಸಬೇಕಿತ್ತು, ಮೇವು ಇಳಿಸಿ ನಡೆಸಿ ರೂಢಿ ಮಾಡಬೇಕಿತ್ತು" ಅಂದರು. ನಿಜ. ಆದರೆ ಸಂತೆಯ ಗದ್ದಲದಲ್ಲಿ ಬೆರಳು ಹಿಡಿದಿರುವಾಗ ಪರೀಕ್ಷೆ ಮಾಡಿಸಿ ಬರ್ತೇನೆ ಅಂದರೆ ದಲ್ಲಾಳಿ ವಲ್ಲಿ ಕೊಡವಿ ಹೋಗ್ತಾನೆ.

ಬೇರೆ ಕಡೆ ಇದನ್ನು ಹೇಗೆ ಮಾಡ್ತಾರೆ ಅಂತ ಹುಡುಕಿದೆ. ಸ್ಕಾಟ್ಲೆಂಡಿನ ಲಾನಾರ್ಕ್ ಪಟ್ಟಣದಲ್ಲಿ ಟೆಕ್ಸೆಲ್ ತಳಿಯ ಟಗರುಗಳ ಹರಾಜು ನಡೆಯುತ್ತದೆ. 2020ರ ಆಗಸ್ಟ್‌ನಲ್ಲಿ ಅಲ್ಲಿ 'ಡಬಲ್ ಡೈಮಂಡ್' ಎಂಬ ಟಗರು ಮರಿ 3,50,000 ಗಿನಿಗೆ ಹೋಯಿತು. ಗಿನಿ ಅಂದರೆ ಒಂದು ಪೌಂಡು ಐದು ಪೆನ್ಸ್. ಮಾರುವವನಿಗೆ ಪೌಂಡು, ಕೂಗುವವನಿಗೆ ಮೇಲಿನ ಚಿಲ್ಲರೆ ಅನ್ನೋ ಹಳೆಯ ವಾಡಿಕೆ. ಅವರ ದಲ್ಲಾಳಿ ಬೆರಳಿನಲ್ಲಲ್ಲ, ನಾಣ್ಯದ ಹೆಸರಿನಲ್ಲೇ ಅಡಗಿದ್ದಾನೆ. ಒಟ್ಟು 3,67,500 ಪೌಂಡು, ಅಂದಿನ ಲೆಕ್ಕದಲ್ಲಿ ಮೂರೂವರೆ ಕೋಟಿ ರೂಪಾಯಿ ಆಸುಪಾಸು. ಅದಕ್ಕೆ ಮುಂಚಿನ ದಾಖಲೆ 2009ರದು, 2,20,000 ಗಿನಿ. ಹುಚ್ಚು ಅನ್ನೋ ದೃಷ್ಟಿಯಿಂದ ನೋಡಿದರೆ ಅವರು ನಮ್ಮನ್ನು ಬಹಳ ಹಿಂದೆ ಹಾಕಿದ್ದಾರೆ. ವ್ಯತ್ಯಾಸ ಎರಡು ಕಡೆ ಇದೆ. ಒಂದು, ದರ ಎಲ್ಲರ ಕಿವಿಗೆ ಬೀಳ್ತದೆ, ಮತ್ತು ಅದು ಕೇಳಿದ ದರವಲ್ಲ, ಕೊಟ್ಟ ದರ. ಇನ್ನೊಂದು, ಟಗರಿನ ಅಪ್ಪ, ಅವ್ವ, ಅಜ್ಜ ತಳಿ ಸಂಘದ ಪುಸ್ತಕದಲ್ಲಿ ಹೆಸರು ಸಮೇತ ಇರ್ತಾರೆ. ಮಾರಾಟದ ಷರತ್ತುಗಳು ಮೊದಲೇ ಅಚ್ಚಾಗಿರ್ತವೆ. ನಮ್ಮಲ್ಲಿ ವಂಶಾವಳಿ ಇಲ್ಲ ಅಂತಲ್ಲ. ಹಾಲುಮತದವರ ಡೊಳ್ಳಿನ ಹಾಡಿನಲ್ಲಿ ದೇವರ ವಂಶ, ಗುರುವಿನ ವಂಶ, ಕುರಿ ಹುಟ್ಟಿದ ಕತೆ ಎಲ್ಲ ರಾತ್ರಿಯಿಡೀ ಬರ್ತದೆ. ಹಾಡಿನಲ್ಲಿ ಒಂದು ಹೆಸರು ತಪ್ಪಿದರೆ ಎದುರು ಮೇಳದವರು ಅಲ್ಲೇ ಹಿಡೀತಾರೆ. ಬಾಜಾರದಲ್ಲಿ ಹೇಳುವ ವಂಶವನ್ನು ಹಿಡಿಯೋಕೆ ಎದುರು ಮೇಳ ಇಲ್ಲ. ಇದು ನನಗೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ತಟ್ಟಿದ ವಿಷಯ.

ಮೂಗಿನ ಮಾತಿಗೆ ಮತ್ತೆ ಬರ್ತೇನೆ. ಕಣ್ಣಿಗೆ ಕಾಣೋದಕ್ಕೆ ಬೆಲೆ, ಹಿಂಡಿಗೆ ಬೇಕಾದದ್ದು ಕಣ್ಣಿಗೆ ಕಾಣೋದಿಲ್ಲ. ಸಾತಾರಾ ಜಿಲ್ಲೆಯ ಫಲಟಣದಲ್ಲಿ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಇದೆ. ಬಂಗಾಳದ ಸುಂದರಬನದ ಕಡೆಯ ಗಾರೋಲ್ ಕುರಿ ಅವಳಿ ಮರಿ ಹಾಕ್ತದೆ; ಅದಕ್ಕೆ ಕಾರಣ ಫೆಕ್-ಬಿ ಎಂಬ ವಂಶವಾಹಿ. ಅದನ್ನು ದಖನಿ ಕುರಿಗೆ ತಂದು 'ನಾರಿ ಸುವರ್ಣ' ಎಂಬ ತಳಿ ಮಾಡಿದರು. ಆ ವಂಶವಾಹಿ ಟಗರಿನಲ್ಲಿದ್ದರೆ ಹೊರಗಿನಿಂದ ಹೇಳೋಕೆ ಆಗೋದಿಲ್ಲ, ಟಗರು ತಾನೇ ಮರಿ ಹಾಕೋದಿಲ್ಲವಲ್ಲ. ರಕ್ತ ಪರೀಕ್ಷೆ ಮಾಡಬೇಕು, ಇಲ್ಲವೇ ಅದರ ಹೆಣ್ಣುಮರಿಗಳು ಬೆಳೆದು ಮರಿ ಹಾಕುವವರೆಗೆ ಕಾಯಬೇಕು. ಹಾಲು, ಮರಿಯ ತೂಕ, ಬರಗಾಲ ತಡೆಯೋದು ಎಲ್ಲವೂ ಹೀಗೇ. ಮಗಳನ್ನು ನೋಡಿ ಅಪ್ಪನ ಬೆಲೆ ಕಟ್ಟಬೇಕು. ಇನ್ನು ಎಲ್ಲರೂ ಒಂದೇ ಹೆಸರಿನ ಹಿಂದೆ ಬಿದ್ದರೆ ಹತ್ತು ವರ್ಷದಲ್ಲಿ ಅಕ್ಕಪಕ್ಕದ ಹಿಂಡುಗಳೆಲ್ಲ ದಾಯಾದಿಗಳಾಗ್ತವೆ, ಅಪ್ಪ ಯಾರು ಅಂತ ಬರೆದಿಡದಿದ್ದರೆ ಒಂದೇ ರಕ್ತ ಮತ್ತೆ ಮತ್ತೆ ಕೂಡ್ತದೆ. ಹಿಂದಿನವರು ಎರಡು ಮೂರು ವರ್ಷಕ್ಕೊಮ್ಮೆ ಟಗರನ್ನು ದೂರದ ಬೀಗರ ಹಿಂಡಿಗೆ ಕೊಟ್ಟು ಅವರದ್ದನ್ನು ತರುತ್ತಿದ್ದುದು ಇದಕ್ಕೇ. ಅದರಲ್ಲಿ ದುಡ್ಡು ಓಡಾಡುತ್ತಿರಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ.

ವಲ್ಲಿ ತೆಗೆದು ಕೂಗಿ ಮಾರಿದರೆ ಎಲ್ಲ ಸರಿಯಾಗ್ತದೆ ಅಂತ ನನಗೆ ಅನ್ನಿಸೋದಿಲ್ಲ. ವಲ್ಲಿಯ ಕೆಳಗೆ ಬಡವನ ಮರ್ಯಾದೆಯೂ ಇದೆ. ಎಷ್ಟು ಕಡಿಮೆಗೆ ಮಾರಿದ ಅಂತ ಸಾಲ ಕೊಟ್ಟವನಿಗೆ ಗೊತ್ತಾಗಬಾರದು. ಮುಚ್ಚಿಡೋದಾದರೆ ದರ ಮುಚ್ಚಿಡಲಿ, ವಂಶ ಬರೆಯಲಿ ಅನ್ನೋದು ನನ್ನ ವಾದ. ಸರಕಾರದ ಲಸಿಕೆ ಕಾರ್ಯಕ್ರಮದಲ್ಲಿ ಜಾನುವಾರಿನ ಕಿವಿಗೆ 12 ಅಂಕೆಯ ಬಿಲ್ಲೆ ಹೊಡೀತಾರೆ. ಆ ಅಂಕೆಯ ಮುಂದೆ ಅಪ್ಪನ ಅಂಕೆ, ಅವ್ವನ ಅಂಕೆ, ಹುಟ್ಟಿದ ತಾರೀಖು, ಪಾವತಿಯ ಹಿಂದೆ ನಾಲ್ಕು ಸಾಲು. ಕನ್ನಡದಲ್ಲೋ ಮರಾಠಿಯಲ್ಲೋ, ಇಬ್ಬರಿಗೂ ಓದಲು ಬರುವ ಲಿಪಿಯಲ್ಲಿ.

ಮಾವ ಆ ಟಗರನ್ನು ಮರುವರ್ಷ ಕಟುಕರಿಗೆ ಮಾರಿದರು, ತೂಕದ ಲೆಕ್ಕದಲ್ಲಿ. ಆಮೇಲೆ ಒಂದು ನೂರು ಪುಟದ ನೋಟಬುಕ್ ತಂದರು. ಅವರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವರು. ತಾರೀಖು, ಅವ್ವ, ಅಪ್ಪ, ಹುಟ್ಟಿದಾಗಿನ ತೂಕ, ಶೇರಾ ಅಂತ ಐದು ಕಾಲಮ್ಮು. ಕುರಿಗಳಿಗೆ ನಂಬರ್ ಇಲ್ಲ, ಹೆಸರಿವೆ: ಬೋರಿ, ಕರಿಕಿವಿ, ಸಣ್ಣ ಸಾವಿತ್ರಿ. ಕಳೆದ ಚಳಿಗಾಲ ಇಂಡಿ ಕಡೆಯವರೊಬ್ಬರು ಒಂದು ಮರಿಟಗರು ನೋಡೋಕೆ ಬಂದಿದ್ದರು. ಮಾವ ಪುಸ್ತಕ ತೆಗೆದು ಸಣ್ಣ ಸಾವಿತ್ರಿಯ ಪುಟ ತೋರಿಸಿದರು. ಮೂರು ಹೆರಿಗೆ, ಎರಡು ಸಲ ಅವಳಿ. ಬಂದವರು ಪೂರ್ತಿ ಓದಿದರು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಪಕ್ಕದಿಂದ ಮೂಗು ನೋಡಿದರು.