ಕರೆಂಟ್ ಕೊಡುವವರೇ ಇಂಟರ್‌ನೆಟ್ ಕೊಟ್ಟರೆ?

ಇಂಟರ್‌ನೆಟ್ ಬಿಲ್ ನೋಡಿ ಗೊಣಗದವರು ಯಾರಿದ್ದಾರೆ ಹೇಳಿ? ಅಮೆರಿಕದ ಟೆನೆಸ್ಸಿ ರಾಜ್ಯದ ಚಾಟನೂಗ ನಗರ ಗೊಣಗುತ್ತಾ ಕೂರಲಿಲ್ಲ. ತಾನೇ ಕೇಬಲ್ ಎಳೆಯಿತು.

ಅಲ್ಲಿ ಕರೆಂಟ್ ಕೊಡೋದು ಇಪಿಬಿ. ನಮ್ಮ ಬೆಸ್ಕಾಂ ಥರಾನೇ, ಆದರೆ ರಾಜ್ಯದ್ದಲ್ಲ, ನಗರದ್ದು. ಕರೆಂಟ್ ಹೋದರೆ ಲೈನಿನಲ್ಲಿ ಎಲ್ಲಿ ತೊಂದರೆ ಅಂತ ಪತ್ತೆ ಹಚ್ಚಿ, ತಾವಾಗಿಯೇ ಬೇರೆ ದಾರಿಯಿಂದ ಕರೆಂಟ್ ಹರಿಸುವ ಸ್ವಿಚ್‌ಗಳು ಅವರಿಗೆ ಬೇಕಿದ್ದವು. ಆ ಸ್ವಿಚ್‌ಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಆಪ್ಟಿಕಲ್ ಫೈಬರ್ ಬೇಕಾಯಿತು. ಕೂದಲೆಳೆಯಷ್ಟು ಸಣ್ಣ ಗಾಜು, ಅದರೊಳಗೆ ಜಾಗ ಮಾತ್ರ ಧಾರಾಳ. ಹಾಗಾದರೆ ಮನೆಗಳಿಗೂ ಯಾಕೆ ಕೊಡಬಾರದು? ಕೊಟ್ಟರು. 2010ರಲ್ಲಿ ಇಪಿಬಿಯ ಎಲ್ಲ ಗ್ರಾಹಕರಿಗೂ ಒಂದು ಗಿಗಾಬಿಟ್ ವೇಗ ಸಿಗುವಂತಾಯಿತು!

ಕೇಬಲ್ ಕಂಪನಿಗಳು ಸುಮ್ಮನಿದ್ದವೇ? ಕೋರ್ಟಿಗೆ ಹೋದವು. ತಡೆಯಲಾಗಲಿಲ್ಲ.

ಆದರೆ ಒಂದು ಮಾತು. ಚಾಟನೂಗಕ್ಕೆ ಕೇಂದ್ರ ಸರ್ಕಾರದಿಂದ ಸುಮಾರು 11 ಕೋಟಿ ಡಾಲರ್ ಅನುದಾನ ಬಂದಿತ್ತು. ಅಂಥ ಅದೃಷ್ಟ ಎಲ್ಲ ಊರಿಗೂ ಇರುವುದಿಲ್ಲ.

ಯೂಟಾ ರಾಜ್ಯದ ಪ್ರೊವೊ ನಗರ ನೋಡಿ. ಅಲ್ಲೂ ಕರೆಂಟ್ ನಗರದ್ದೇ. ಸಾಲ ಮಾಡಿ ಜಾಲ ಕಟ್ಟಿತು. ರಾಜ್ಯದ ಕಾನೂನಿನ ಬಿಗಿಯಿಂದಾಗಿ ಜನರಿಗೆ ನೇರವಾಗಿ ಮಾರದೆ, ಖಾಸಗಿಯವರ ಮೂಲಕ ಮಾರಿತು. ಲೆಕ್ಕ ಕೂಡಲಿಲ್ಲ. 2013ರಲ್ಲಿ ಗೂಗಲ್‌ಗೆ ಒಂದೇ ಒಂದು ಡಾಲರಿಗೆ ಮಾರಿಬಿಟ್ಟಿತು! ಸಾಲದ ಕಂತು ಊರಿನವರ ತಲೆ ಮೇಲೇ ಉಳಿಯಿತು.

ನಗರವೇ ಜಾಲ ಕಟ್ಟಲಿ, ಖಂಡಿತ ಕಟ್ಟಲಿ ಅಂತಲೇ ನನ್ನ ಮಾತು. ಗ್ರಾಹಕರನ್ನು ಮಾತ್ರ ಮಧ್ಯವರ್ತಿಗೆ ಬಿಟ್ಟುಕೊಡದಿರಲಿ.