ತೂಬು ಎತ್ತೋದು ಯಾರು?

ಪಾವಗಡ ತಾಲ್ಲೂಕಿನ ಬಲಸಮುದ್ರ ಅಂದ್ರೆ ಇವತ್ತು ನಿಮಗೆ ನೆನಪಾಗೋದು ಸೋಲಾರ್ ಪಾರ್ಕ್. ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ನನಗೆ ಮಾತ್ರ ಆ ಊರಿನ ಹೆಸರೇ ಇಷ್ಟ. ನಮ್ಮ ಬಯಲುಸೀಮೆಯಲ್ಲಿ ಸಮುದ್ರ ಅಂದ್ರೆ ಕೆರೆ ತಾನೆ? ಕೆರೆ ಅಂದಮೇಲೆ ತೂಬು, ತೂಬು ಅಂದಮೇಲೆ ನೀರುಗಂಟಿ. ಯಾವತ್ತು ತೂಬು ಎತ್ತಬೇಕು, ಯಾರ ಗದ್ದೆಗೆ ಮೊದಲು, ಯಾವಾಗ ಮುಚ್ಚಬೇಕು, ಇಷ್ಟೇ ಅವನ ಕೆಲಸ. ಕೆರೆ ಕಟ್ಟಿದವನು ಅವನಲ್ಲ. ಆದರೆ ಅವನು ಎಡವಿದರೆ ಕೊನೇ ಗದ್ದೆ ಒಣಗುತ್ತೆ.

"ಸಾಫ್ಟ್‌ವೇರ್‌ನಲ್ಲಿ ರಿಲೀಸ್ ಮ್ಯಾನೇಜರ್ ಅಂತಾರಲ್ಲ, ಅದಕ್ಕೂ ಎಲೆಕ್ಷನ್ ಇದೆಯಂತೆ, ನಿಜಾನಾ ಸಾರ್?" ಅಂತ ಆ ಕಡೆಯ ಹುಡುಗನೊಬ್ಬ ಕೇಳಿದಾಗ ನನಗೆ ಹೊಳೆದದ್ದು ಈ ನೀರುಗಂಟಿಯೇ.

ನಿಜ ಕಣಪ್ಪಾ. ಓಪನ್ ಸೋರ್ಸ್ ಅಂದ್ರೆ ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ತಂತ್ರಾಂಶ. 2010ರಲ್ಲಿ ನಾಸಾ ಮತ್ತು ರಾಕ್‌ಸ್ಪೇಸ್ ಸೇರಿ ಶುರುಮಾಡಿದ ಓಪನ್‌ಸ್ಟ್ಯಾಕ್ ಅಂಥದ್ದೊಂದು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ. ಅದನ್ನು ಹೊರಬಿಡುವ ತಂಡದ ಮುಖ್ಯಸ್ಥರನ್ನು ಮತ ಹಾಕಿ ಆರಿಸೋದು ಅಲ್ಲಿ ಬೆಳೆದುಬಂದ ಪದ್ಧತಿ. ಮತದಾರರು ಯಾರು ಗೊತ್ತಾ? ಇತ್ತೀಚೆಗೆ ಕೆಲಸ ಮಾಡಿ, ಆ ಕೆಲಸ ಒಪ್ಪಿಗೆ ಆದವರು ಮಾತ್ರ. ಅಭ್ಯರ್ಥಿ ಒಂದು ಹೇಳಿಕೆ ಬರೀತಾರೆ. ಠೇವಣಿ ಇಲ್ಲ, ರೆಸಾರ್ಟ್ ಅಂತೂ ಇಲ್ಲವೇ ಇಲ್ಲ. ಒಬ್ಬರೇ ನಿಂತರೆ ಅವಿರೋಧ ಆಯ್ಕೆ.

ಗೆದ್ದವರ ಮುಖ್ಯ ಕೆಲಸ 'ಬೇಡ' ಅನ್ನೋದು. ಗ್ನೋಮ್ ನೋಡಿ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬಿಡುಗಡೆ. ಅದಕ್ಕೂ ಮುಂಚೆ ಒಂದು ದಿನ ಗೊತ್ತುಮಾಡಿ, ಪರದೆ ಮೇಲಿನ ಪದಗಳನ್ನು ಇನ್ನು ಯಾರೂ ಬದಲಿಸಬಾರದು ಅಂತಾರೆ. ಯಾಕೆ? ಅನುವಾದ ಮಾಡೋರಿಗೆ ಸಮಯ ಬೇಕಲ್ವಾ? ಕೊನೇ ಗಳಿಗೆಯಲ್ಲಿ ಯಾರೋ ಒಂದು ಸಾಲು ಬದಲಿಸಿದರೆ ನಮ್ಮ ಕನ್ನಡದ ಮೆನುವಿನ ನಡುವೆ ಇಂಗ್ಲಿಷ್ ಇಣುಕುತ್ತೆ.

ತೂಬು ತಪ್ಪು ಕೈಗೆ ಹೋದರೆ? 2024ರ ಮಾರ್ಚ್ 29ರಂದು ಜಗತ್ತಿಗೆ ಅದು ಗೊತ್ತಾಯ್ತು. ಎಕ್ಸ್‌ಝಡ್ ಅನ್ನೋದು ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶ, ಅಸಂಖ್ಯಾತ ಲಿನಕ್ಸ್ ಯಂತ್ರಗಳಲ್ಲಿದೆ. ನೋಡಿಕೊಳ್ತಿದ್ದದ್ದು ಒಬ್ಬರೇ, ಲಾಸ್ಸೆ ಕಾಲಿನ್, ಅದೂ ಸಂಬಳವಿಲ್ಲದೆ. ದಣಿದಿದ್ದರು. ಜಿಯಾ ಟಾನ್ ಅನ್ನೋ ಹೆಸರಿನವರು 2021ರಿಂದ ಸಹಾಯ ಮಾಡುತ್ತಾ ವಿಶ್ವಾಸ ಗಳಿಸಿದರು, ಕಡೆಗೆ ಬಿಡುಗಡೆ ಅಧಿಕಾರವನ್ನೇ ಪಡೆದರು. ಎಲ್ಲರೂ ನೋಡುವ ಮೂಲದಲ್ಲಿ ಇಲ್ಲದ ಒಂದು ತುಂಡನ್ನು ಬಿಡುಗಡೆಯ ಕಟ್ಟಿನಲ್ಲಿ ಸೇರಿಸಿ ಹಿಂಬಾಗಿಲು ತೆರೆದರು. ಸಿಕ್ಕಿಬಿದ್ದದ್ದು ಹೇಗೆ? ಲಾಗಿನ್ ಅರ್ಧ ಸೆಕೆಂಡು ತಡ ಆಗ್ತಿದೆಯಲ್ಲಾ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್ ಬೆನ್ನುಹತ್ತಿದ್ದರಿಂದ! ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳವರೆಗೂ ಆ ವಿಷ ಬಂದಿತ್ತು. ಜನ ಬಳಸುವ ಸ್ಥಿರ ಆವೃತ್ತಿಗೆ ಇನ್ನೂ ಇಳಿದಿರಲಿಲ್ಲ. ಅಲ್ಲಿ ಬಿಡುಗಡೆ ಆಗೋದು ಸುಮಾರು ಎರಡು ವರ್ಷಕ್ಕೊಮ್ಮೆ, ಅದೂ ಸಿದ್ಧವಾದಾಗ ಮಾತ್ರ.

ಇಷ್ಟೆಲ್ಲಾ ಹೇಳಿ, "ನೀನೂ ನಿಲ್ತೀಯಾ?" ಅಂದೆ. ಹುಡುಗ ನಕ್ಕ. "ಒಬ್ಬನೇ ನಿಂತ್ರೆ ಗೆಲ್ತೀನಿ ಸಾರ್. ಆದ್ರೆ ನನ್ ಮೇಲೆ ಕಣ್ಣಿಡೋಕೆ ಇನ್ನೊಬ್ಬರು ಬೇಕಲ್ಲಾ?"