ಉಜ್ಜಿ ಅಳಿಸಿದ ಇತಿಹಾಸ
ಗೋಕುಲಂನ ನಮ್ಮ ಮನೆಯ ಆಯುಧಪೂಜೆಯಲ್ಲಿ ಅಗ್ರಮರ್ಯಾದೆ ಮುತ್ತಜ್ಜನ ಖಡ್ಗಕ್ಕೆ. ಅದು ಟಿಪ್ಪುವಿನ ಕಾಲದ್ದೆಂದು ಅಜ್ಜಿ ಹೇಳುತ್ತಿದ್ದರು. 1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಜತೆ ಹೈಫಾ ಕದನ ಕಂಡದ್ದೆಂದು ಚಿಕ್ಕಪ್ಪನ ವಾದ. ಈಚೆಗೆ ಭೂತಗನ್ನಡಿ ಹಿಡಿದು ನೋಡಿದಾಗ ಖಡ್ಗ ಬೇರೆಯದೇ ಕಥೆ ಹೇಳಿತು.

ಹಿಡಿಯ ಉಕ್ಕಿನ ಕೈಕವಚದಲ್ಲಿ, ಕಿರೀಟದ ಕೆಳಗೆ, ಐದನೆಯ ಜಾರ್ಜ್ ದೊರೆಯ ಹೆಸರಿನ ಮೊದಲಕ್ಷರಗಳಿವೆ. ಆತ ಆಳಿದ್ದು 1910ರಿಂದ 1936ರವರೆಗೆ. ಟಿಪ್ಪು ಮಡಿದದ್ದು 1799ರಲ್ಲಿ. ನೇರವಾದ ಅಲಗು, ಅಗಲವಾದ ಕೈಕವಚ: ಇದು ಬ್ರಿಟಿಷ್ ಪದಾತಿದಳದ ಅಧಿಕಾರಿಗಳಿಗೆ 1897ರಲ್ಲಿ ಗೊತ್ತುಪಡಿಸಿದ ಮಾದರಿ. ಹೈಫಾಕ್ಕೆ ನುಗ್ಗಿದ್ದಾದರೋ ಅಶ್ವದಳ. ಚಿಕ್ಕಪ್ಪನ ಮಾತೂ ಅನುಮಾನವೇ.

ತಯಾರಾದ ವರ್ಷವನ್ನೇ ತಿಳಿಯುವ ದಾರಿಯೂ ಇದೆ. ವಿಲ್ಕಿನ್ಸನ್ ಕಂಪನಿ ತನ್ನ ಉತ್ತಮ ಖಡ್ಗಗಳ ಅಲಗಿನ ಬೆನ್ನಿನ ಮೇಲೆ ಕ್ರಮಸಂಖ್ಯೆ ಕೊರೆಯುತ್ತಿತ್ತು. ಅದನ್ನು ಕಂಪನಿಯ ದಾಖಲೆಯೊಂದಿಗೆ ತಾಳೆ ನೋಡಿದರೆ ವರ್ಷದ ಜತೆ, ಎಷ್ಟೋ ಬಾರಿ, ಕೊಂಡವರ ಹೆಸರೂ ಸಿಗುತ್ತದೆ. ನಮ್ಮ ಖಡ್ಗದಲ್ಲಿ ಆ ಜಾಗವೆಲ್ಲ ನುಣುಪು. ಪ್ರತಿ ದಸರೆಯಲ್ಲೂ ಭಕ್ತಿಯಿಂದ ಇಟ್ಟಿಗೆಪುಡಿ ಹಾಕಿ ಉಜ್ಜಿದವರು ನಾವೇ.

ಹಳೆಯ ಆಯುಧವುಳ್ಳ ಮನೆಯವರಲ್ಲಿ ಒಂದೇ ಬಿನ್ನಹ: ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಗುರುತುಗಳ ಛಾಯಾಚಿತ್ರ ತೆಗೆದಿಡಿ. ಕಳೆದ ದಸರೆಯಲ್ಲಿ ನಾವು ಕುಂಕುಮವನ್ನೂ ಒರೆಯ ಮೇಲಷ್ಟೇ ಇಟ್ಟೆವು.